ಸಲೀಸು ಎಂದು ಓದಿದ್ದೆ

ಮೊನ್ನೆ ನನ್ನ ಗಂಟಲು ಕೆಟ್ಟಿತ್ತು. ಸೊಸೆ ನೀರಿಗೆ ಅರಿಷಿಣ ಹಾಕಿ ಒಲೆಯ ಮೇಲಿಟ್ಟು, ಬಾಗಿಲಿಗೆ ಬಂದವರೊಡನೆ ಮಾತಿಗೆ ನಿಂತಳು. ನೀರು ಉಕ್ಕಿ ಕಾದ ಕಬ್ಬಿಣದ ಮೇಲೆ ಸುರಿಯಿತು. ಚೊಂಯ್ ಎಂಬ ಸದ್ದು, ಅದರ ಹಿಂದೆಯೇ ಸುಟ್ಟ ಅರಿಷಿಣದ ವಾಸನೆ... ನಾನು ಎದ್ದು ಅಂಗಳಕ್ಕೆ ಬಂದುಬಿಟ್ಟೆ. ಹೊಗೆಗೆ ಹೆದರಿ ಬಂದೆನೆಂದು ಸೊಸೆ ತಿಳಿದಳು. ಹಾಗೆಯೇ ತಿಳಿಯಲಿ ಎಂದುಕೊಂಡೆ.

ಆ ವಾಸನೆ ನನ್ನ ಮಟ್ಟಿಗೆ ಒಂದು ಮೋಟಾರಿನದು. ನಮ್ಮೂರು ಉಮದಿಯಲ್ಲಿ ಎದುರುಮನೆಯ ಕಾಕಾ ಕೊಂಡ ಹಳೆಯ ವಿಲಾಯತಿ ಮೋಟಾರು. ಸ್ವಾತಂತ್ರ್ಯ ಬಂದು, ನಮ್ಮ ಜತ್ತ ಸಂಸ್ಥಾನ ವಿಲೀನವಾಗಿ ನಾಲ್ಕೈದು ವರ್ಷ ಆಗಿರಬೇಕು ಆಗ.

ಕಾಕಾ ನಮ್ಮ ರಕ್ತಸಂಬಂಧಿಯಲ್ಲ. ಅವರು ಕಾಳುಕಡಿ ವ್ಯಾಪಾರದ ಮನೆತನದವರು, ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗ. ನಮ್ಮಪ್ಪ ಕುರಿ ಕಾಯುವವ. ನಾನು ಸಾಂಗ್ಲಿಯ ಒಂದು ಅರಿಷಿಣದ ಉಗ್ರಾಣದಲ್ಲಿ ಸಂಜೆಯೆಲ್ಲ ಚೀಲ ಹೊಲಿದು, ಆ ಚೀಲಗಳ ನಡುವೆಯೇ ಮಲಗೆದ್ದು ಬಿ.ಎ. ಮಾಡಿದೆ. ಇದನ್ನು ಹೇಳಿಕೊಳ್ಳಲು ನನಗೆ ಇಂದಿಗೂ ನಾಚಿಕೆಯಿಲ್ಲ, ಹೆಮ್ಮೆಯೇ ಇದೆ. ಆ ಹೆಮ್ಮೆ ಒಂದು ದಿನ ಏನು ಮಾಡಿತು ಎಂಬುದನ್ನೂ ನಾನೇ ಹೇಳಬೇಕು.

ಪದವಿ ಪಡೆದು ಊರಿಗೆ ಬಂದ ದಿನ ಕಾಕಾ ಅಂಗಡಿಯ ಗಾದಿಯಿಂದ ಎದ್ದು ನಿಂತರು. ಅಲ್ಲಿಯತನಕ ನನ್ನನ್ನು "ಲೇ, ಬಾ ಇಲ್ಲೆ" ಎಂದು ಕರೆಯುತ್ತಿದ್ದವರು ಅಂದು ಎಲ್ಲರೆದುರು, "ಬರ್ರಿ ಮಾಸ್ತರ, ಹಿಂಗ ಗಾದಿ ಮ್ಯಾಲ ಕುಂದ್ರಿ" ಎಂದರು. ನನಗೆ ಇನ್ನೂ ಶಾಲೆಯ ನೌಕರಿಯೇ ಸಿಕ್ಕಿರಲಿಲ್ಲ, ಅವರು ಮಾತ್ರ ಆಗಲೇ ಮಾಸ್ತರ ಮಾಡಿಬಿಟ್ಟಿದ್ದರು. ಕುರಿ ಕಾಯುವವನ ಮಗನಿಗೆ ಊರಲ್ಲಿ "ರಿ" ಹಚ್ಚಿದವರಲ್ಲಿ ಅವರೇ ಮೊದಲಿಗರು. ಅವರು ಹಚ್ಚಿದ ಮೇಲೆ ಊರೂ ಹಚ್ಚಿತು. ನಮ್ಮಪ್ಪ ಮಾತ್ರ ಮನೆಗೆ ಬಂದು ನಕ್ಕ. "ಲೇ, ಆ ರಿ ಅನ್ನೂದು ತೆಲಿ ಮ್ಯಾಲಿನ ತುಂಬಿದ ಕೊಡ ಇದ್ದಂಗ. ಕುತಗಿ ಸೆಟೀತದ, ನೋಡ್ಕೋ."

ಕಾಕಾರ ಹೆಂಡತಿ ಎರಡನೆಯ ಹೆರಿಗೆಯಲ್ಲಿ ತೀರಿಕೊಂಡಿದ್ದರು. ಎರಡು ದಿನ ನೋವು ತಿಂದ ಮೇಲೆ ವಿಜಾಪುರದ ದವಾಖಾನೆಗೆಂದು ಬಂಡಿ ಕಟ್ಟಿದ್ದರಂತೆ. ಬಂಡಿ ಅರ್ಧ ದಾರಿಯಿಂದಲೇ ತಿರುಗಿ ಬಂತು. ಉಳಿದದ್ದು ಮೊದಲನೆಯ ಮಗಳು ಒಬ್ಬಳೇ. ನನಗಿಂತ ನಾಲ್ಕು ವರ್ಷ ಚಿಕ್ಕವಳು, ನಮ್ಮ ಅಂಗಳದಲ್ಲೇ ಆಡಿ ಬೆಳೆದವಳು, ನನ್ನನ್ನು ಅಣ್ಣಾ ಎನ್ನುತ್ತಿದ್ದವಳು. ಅವಳನ್ನು ಸನಮಡಿಗೆ ಕೊಟ್ಟಿದ್ದರು. ಆ ವರ್ಷ ಅವಳು ಬಸುರಿಯಾದ ಸುದ್ದಿ ಬಂತು. ಕಾಕಾ ಪೇಢೆ ಹಂಚಲಿಲ್ಲ, ಮೋಟಾರು ಹುಡುಕತೊಡಗಿದರು.

"ಬಂಡಿ ಮ್ಯಾಲ ಇನ್ನೊಂದು ಜೀವ ಹೋಗಬಾರದು ಮಾಸ್ತರ. ನಂದು ಅಷ್ಟ ಆಸೆ" ಎಂದಿದ್ದರು.

ಭೀಮಾ ನದಿಯ ಕಡೆಯ ಒಬ್ಬ ಗುತ್ತಿಗೆದಾರ ತನ್ನ ಮೋಟಾರನ್ನು ತಾನೇ ನಡೆಸಿಕೊಂಡು ಬಂದ. ಕಪ್ಪು ಬಣ್ಣ, ಮಡಚುವ ಛಾವಣಿ, ಎತ್ತಿನ ಕಣ್ಣಿನಂತೆ ಎರಡು ದೊಡ್ಡ ದೀಪ. ಅಂಗಡಿಯ ಮುಂದೆ ಊರೇ ನೆರೆಯಿತು. ಕಾಕಾ ಎತ್ತು ಕೊಳ್ಳುವುದರಲ್ಲಿ ಪಳಗಿದವರು. ಉಮದಿಯ ಸಂತೆಯಲ್ಲಿ ಅವರು ಸುಳಿ ನೋಡಿ ಬೇಡ ಎಂದ ಎತ್ತನ್ನು ಯಾರೂ ಮುಟ್ಟುತ್ತಿರಲಿಲ್ಲ. ಮೋಟಾರನ್ನೂ ಅವರು ಹಾಗೆಯೇ ನೋಡಿದರು. ಮೂರು ಸಲ ಸುತ್ತಿದರು. ಮುಂದಕ್ಕೆ ನಡೆಸಲು ಹೇಳಿ, ಹಿಂದೆ ನಿಂತು ನಡಿಗೆ ನೋಡಿದರು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಕಾವು ನೋಡಿದರು. ಕೊನೆಗೆ ಗುತ್ತಿಗೆದಾರ ಕೊಟ್ಟ ಕಾಗದದ ಕಟ್ಟನ್ನು ನನ್ನ ಕೈಗೆ ಹಾಕಿದರು.

"ಎತ್ತಾಗಿದ್ರ ನಾನ ಹಲ್ಲ ಹಿಡದು ನೋಡತಿದ್ದೆ. ಇದರ ಹಲ್ಲು ಇಂಗ್ಲಿಷಿನಾಗ ಅದಾವ. ನೀವ ಬಾಯಿ ತಗದು ನೋಡ್ರಿ ಮಾಸ್ತರ."

ಜನ ನಕ್ಕರು. ನಾನು ಗಾದಿಯ ಮೇಲೆ ಕುಳಿತು ಒಂದೊಂದೇ ಕಾಗದ ಬಿಚ್ಚಿದೆ. ತೆರಿಗೆಯದು, ನೋಂದಣಿಯದು. ನಡುವೆ ಟೈಪ್ ಮಾಡಿದ ಒಂದು ಚೀಟಿ, ಹಿಂದೆ ಎಂದೋ ಯಾವುದೋ ಕಾರ್ಖಾನೆಯವರು ಪರೀಕ್ಷೆ ಮಾಡಿ ಬರೆದದ್ದು. ಗಟ್ಟಿಯಾಗಿ ಓದಿದೆ. ಬ್ಯಾಟರಿ ಹೊಸದು ಎಂದಿತ್ತು, ಹೇಳಿದೆ. ಕೆಳಗಿನ ಸಾಲು: "ಎಕ್ಸೆಸಿವ್ ಫ್ರೀ ಪ್ಲೇ ಇನ್ ಸ್ಟೇರಿಂಗ್."

ನಾನು ನಾಟಕ ಓದಿದ್ದೆ, ಕಾವ್ಯ ಓದಿದ್ದೆ. ಪ್ಲೇ ಎಂದರೆ ಆಟ. ಫ್ರೀ ಎಂದರೆ ತಡೆಯಿಲ್ಲದ್ದು. ಎಕ್ಸೆಸಿವ್ ಎಂಬಲ್ಲಿ ನಾಲಿಗೆ ಒಂದಿಷ್ಟು ತೊಡರಿತು. ಒಳ್ಳೆಯದನ್ನು ಹೇಳುವವರು ಆ ಮಾತು ಬಳಸುವುದಿಲ್ಲವಲ್ಲ ಎಂದು ಎಲ್ಲೋ ಒಳಗೆ ಅನಿಸಿತು. ತಲೆ ಎತ್ತಿದೆ. ಊರಿಗೆ ಊರೇ ನನ್ನ ಬಾಯಿ ನೋಡುತ್ತಿತ್ತು. ಗುತ್ತಿಗೆದಾರ ಅಡಿಕೆ ಕತ್ತರಿಸುತ್ತಿದ್ದವನು ಅಡಕತ್ತರಿಯನ್ನು ಹಾಗೇ ಹಿಡಿದು ಕುಳಿತಿದ್ದ.

"ಸ್ಟೇರಿಂಗ ಭಾಳ ಸಲೀಸ ಆಡತದಂತ್ರಿ ಕಾಕಾ" ಎಂದೆ. ಅಷ್ಟಕ್ಕೆ ಬಿಡದೆ, "ಎಲ್ಲೂ ಹಿಡಿಯೂದಿಲ್ಲಂತ" ಎಂದು ಕಾಗದದಲ್ಲಿ ಇಲ್ಲದ್ದನ್ನೂ ಸೇರಿಸಿದೆ.

ಗುತ್ತಿಗೆದಾರನ ಅಡಕತ್ತರಿ ಮತ್ತೆ ಕಟ್ ಕಟ್ ಎನ್ನತೊಡಗಿತು. ಆ ಸದ್ದು ಈಗಲೂ ಕೇಳಿಸುತ್ತದೆ... ಅವನಿಗೆ ಇಂಗ್ಲಿಷು ಬರುತ್ತಿತ್ತು ಎಂಬುದು ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ. ಕಾಕಾ ಹೆಗಲ ಮೇಲಿನ ಟವೆಲ್ಲು ಹಾಸಿ, ಅದರ ಕೆಳಗೆ ಅವನ ಕೈ ಹಿಡಿದು, ಸಂತೆಯಲ್ಲಿ ಎತ್ತಿಗೆ ಮಾಡುವಂತೆ ಬೆರಳು ಒತ್ತಿ ಬೆಲೆ ಹೇಳಿ ವ್ಯವಹಾರ ಮುಗಿಸಿದರು.

ಆರತಿ ತಂದ ಹೆಂಗಸರು ಮೊದಲು ಕಂಡದ್ದು ಮೋಟಾರಿನ ಮೂತಿಯ ಕೆಳಗೆ ನೆಲದ ಮೇಲೆ ತೊಟ್ಟಿಕ್ಕುತ್ತಿದ್ದ ಹಳದಿ ನೀರು. "ಯವ್ವಾ, ಲಕ್ಷ್ಮಿ ತಾನ ಅರಿಷಿಣ ಸುರಿಸ್ಕೋತ ಬಂದಾಳ ನೋಡ್ರಿ!" ಎಂದು ಒಬ್ಬಾಕೆ ಬೆರಳು ಅದ್ದಿ ಹಣೆಗೆ ಹಚ್ಚಿಕೊಂಡಳು. ನಾಲ್ಕು ವರ್ಷ ಅರಿಷಿಣದ ಚೀಲಗಳ ನಡುವೆ ಮಲಗಿದವನು ನಾನು. ಆ ವಾಸನೆ ಗುರುತು ಸಿಕ್ಕಿತು. ಮೋಟಾರಿನ ಹೊಟ್ಟೆಯಲ್ಲಿ ಅರಿಷಿಣ ಯಾಕೆ ಎಂದು ಮಾತ್ರ ಕೇಳಲಿಲ್ಲ.

ಗುತ್ತಿಗೆದಾರ ಎಂಟು ದಿನ ಊರಲ್ಲಿ ಉಳಿದು ಕಾಕಾರಿಗೆ ಗಾಡಿ ನಡೆಸಲು ಕಲಿಸಿ ಹೋದ. ಅವನು ಹೋದ ಮೇಲೆ ಮೋಟಾರು ತನ್ನ ಗುಣ ತೋರಿಸತೊಡಗಿತು. ನೀರು ಕುದಿದು, ಮೂತಿಯಿಂದ ಸುಟ್ಟ ಅರಿಷಿಣದ ಹಬೆ ಏಳುತ್ತಿತ್ತು. ಕಾಲಿಡುವ ತಗಡು ಒಂದು ದಿನ ಕುಸಿಯಿತು. ನೋಡಿದರೆ ಅದು ಎಣ್ಣೆಯ ಡಬ್ಬಿ ಕತ್ತರಿಸಿ ಹಚ್ಚಿ, ಮೇಲೆ ಡಾಂಬರು ಬಳಿದದ್ದು. ಗೇರು ನರಳತೊಡಗಿತು. ಕಾಕಾ ತಾವೇ ಗಾಡಿಯ ಕೆಳಗೆ ನುಗ್ಗಿ ಗೇರಿನ ಪೆಟ್ಟಿಗೆಯ ಬಿರಡೆ ಬಿಚ್ಚಿದರು. ಎಣ್ಣೆಯ ಜೊತೆ ಮುಷ್ಟಿಗಟ್ಟಲೆ ಕಟ್ಟಿಗೆಯ ಹೊಟ್ಟು ಬಂತು, ಸದ್ದು ಕೇಳಿಸದಿರಲೆಂದು ಯಾರೋ ತುಂಬಿದ್ದು.

"ಎತ್ತಿಗಿ ಹೊಟ್ಟ ಹಾಕೂದ ಕೇಳಿದ್ದೆ. ಈ ಮಗಾ ಇದಕ್ಕೂ ಹಾಕ್ಯಾನಲ್ಲರೀ!" ಎಂದು ಅವರು ನಕ್ಕರು. ನಗು ಬಾಯಿಯಲ್ಲಷ್ಟೇ ಇತ್ತು.

ನನಗೆ ಒಳಗೊಳಗೇ ಕಳವಳ. "ವಿಜಾಪುರದ ಮಿಸ್ತ್ರಿಗಿ ಒಂದ ಸಲ ತೋರಸೂಣ್ರಿ ಕಾಕಾ" ಎಂದೆ.

"ಕೂಸು ಬಂದ ಮ್ಯಾಲ ತೋರಸೂಣು. ಸ್ಟೇರಿಂಗ ಚಲೋ ಐತೆಲ್ಲ, ನೀವ ಓದೀರಿ. ಮಾಸ್ತರ, ಉಳದದ್ದು ಏನ ಕೆಟ್ಟರೂ ಗಾಡಿ ನಿಂದರತದ. ಸ್ಟೇರಿಂಗ ಕೆಟ್ಟರ ಅಷ್ಟ ಮನಿಶ್ಯಾ ಹೋಗತಾನ" ಎಂದರು. ಹೇಳುತ್ತ ಸ್ಟೇರಿಂಗಿನ ಚಕ್ರವನ್ನು ಒಂದು ಬೆರಳಿನಿಂದ ಆಚೆಗೂ ಈಚೆಗೂ ತಿರುಗಿಸಿದರು. ಗಾಲಿಗಳು ಅಲುಗಲಿಲ್ಲ. "ನೋಡ್ರಿ, ಹೆಂಗ ಸಲೀಸ ಆಡತದ!"

ಗಾಲಿಗಳು ಅಲುಗಲಿಲ್ಲ ಎಂಬುದನ್ನು ನಾವಿಬ್ಬರೂ ಕಂಡೆವು. ಅವರು ಅದನ್ನು ನನ್ನ ಮಾತಿನ ಮೂಲಕ ಕಂಡರು. ನಾನು ಏನು ಕಂಡೆನೋ...

ಆ ವೇಳೆಗೆ ನಾನು ಊರ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಮರುದಿನ ಶಾಲೆಯ ಕಪಾಟಿನಿಂದ ಶಬ್ದಕೋಶ ತೆಗೆದೆ. ಎಕ್ಸೆಸಿವ್: ಮಿತಿಮೀರಿದ, ಬೇಕಾದುದಕ್ಕಿಂತ ಹೆಚ್ಚಿನ. ಪ್ಲೇ ಎಂಬುದಕ್ಕೆ ಆ ಸಣ್ಣ ಪುಸ್ತಕದಲ್ಲಿ ಆಟ, ನಾಟಕ ಎಂದಷ್ಟೇ ಇತ್ತು. ಮಿತಿಮೀರಿದ ಆಟ. ಅರ್ಥ ಪೂರಾ ಆಗಲಿಲ್ಲ, ಆದರೆ ಅದು ಹೊಗಳಿಕೆ ಅಲ್ಲವೆಂಬುದು ಖಚಿತವಾಯಿತು. ಶಾಲೆ ಬಿಟ್ಟೊಡನೆ ಅಂಗಡಿಗೆ ಹೋದೆ. ಕಟ್ಟೆಯ ಮೇಲೆ ಏಳೆಂಟು ಜನ ಇದ್ದರು.

"ಬರ್ರಿ ಮಾಸ್ತರ, ಕುಂದ್ರಿ" ಎಂದರು ಕಾಕಾ. "ಏ, ಸರೀರಿ ಅತ್ತ, ಮಾಸ್ತರಗ ಜಾಗಾ ಬಿಡ್ರಿ."

ಜನ ಸರಿದರು. ನಾನು ಕುಳಿತೆ. ಅಷ್ಟು ಜನರ ನಡುವೆ "ನಾ ಅವತ್ತ ಓದಿದ್ದು ನನಗ ಬರೋಬ್ಬರಿ ಗೊತ್ತಿರಲಿಲ್ಲ" ಎನ್ನಲು ಬಾಯಿ ಬರಲಿಲ್ಲ. ನಾಳೆ ಒಬ್ಬರೇ ಸಿಕ್ಕಾಗ ಹೇಳಿದರಾಯಿತು ಎಂದುಕೊಂಡು, ಜೋಳದ ಧಾರಣೆಯ ಮಾತಾಡಿ ಎದ್ದು ಬಂದೆ. ನಾಳೆ ಎಂಬುದು ಐದಾರು ದಿನವಾಯಿತು.

ಸೋಮವಾರ ಮುಂಜಾನೆ ಕಾಕಾ ಮಗಳನ್ನು ಬಾಣಂತನಕ್ಕೆ ಕರೆತರಲು ಸನಮಡಿಗೆ ಹೊರಟರು. ಹಿಂದಿನ ಸೀಟಿನ ಮೇಲೆ ಎರಡು ಕೌದಿ ಹಾಸಿ, ಒರಗಲು ದಿಂಬು ಇಟ್ಟಿದ್ದರು. ಗಾಡಿ ನಮ್ಮ ಮನೆಯ ಮುಂದೆ ನಿಲ್ಲಿಸಿದರು.

"ಬರ್ರಿ ಮಾಸ್ತರ, ಹೋಗಿ ಬರೂಣು. ತಂಗಿಗಿ ಸಂತೋಷ ಆಗತದ."

"ಇವತ್ತ ಸಾಲಿ ತಪಾಸಣಿಗೆ ಸಾಹೇಬರು ಬರಾವರದಾರ್ರಿ ಕಾಕಾ."

"ಹಂಗಾರ ಬಿಡ್ರಿ. ಸಂಜೀಗಿ ಚಾಕ್ಕ ಬರ್ರಿ, ಆಕಿ ಕೈಲೇ ಮಾಡಸ್ತೀನಿ."

ಅವರು ಒಬ್ಬರೇ ಇದ್ದರು. ಹೇಳಬೇಕೆಂದು ನಾನು ಕಾದ ಹೊತ್ತು ಅದೇ ಆಗಿತ್ತು. ಗಾಡಿಯ ಬಾಗಿಲಿನ ಮೇಲೆ ಕೈ ಇಟ್ಟೆ. "ಕಾಕಾ, ಸಾವಕಾಶ ಹೋಗ್ರಿ" ಎಂದೆ. ಅಷ್ಟೇ ಎಂದೆ. ಗಾಡಿ ಹೋಯಿತು. ಅಂಗಳದ ಮಣ್ಣಿನ ಮೇಲೆ ಹಳದಿ ಹನಿಗಳು ಸಾಲಾಗಿ ಬಿದ್ದಿದ್ದವು, ಯಾರೋ ದಾರಿ ತೋರಿಸಿ ಹೋದ ಹಾಗೆ.

ಕುಣಿಕೋಣೂರ ದಾಟಿದ ಮೇಲೆ ದಾರಿ ಒಂದು ಹಳ್ಳಕ್ಕೆ ಇಳಿಯುತ್ತಿತ್ತು. ಇಳಿಜಾರಿನ ನಡುವೆ ಬಲಕ್ಕೆ ತಿರುವು. ಅಲ್ಲಿ ಕುರಿ ಮೇಯಿಸುತ್ತಿದ್ದ ನಮ್ಮವನೊಬ್ಬ ನೋಡಿದ್ದನ್ನು ಹೇಳಿದ. "ಯಜಮಾನ್ರು ಚಕ್ರ ತಿರುವೇ ತಿರುವಿದ್ರು. ಕೈಯಾಗಿಂದು ತಿರುಗತಿತ್ತು, ಗಾಡಿ ತಿರುಗವಲ್ದು. ನೆಟ್ಟಗ ಹೋತು..." ಕೆಳಗೆ ಬರೀ ಬಂಡೆ. ಊರವರು ಓಡಿಹೋಗುವಷ್ಟರಲ್ಲಿ ಕಾಕಾರ ಜೀವ ಹೋಗಿತ್ತು. ಹಿಂದಿನ ಸೀಟಿನ ಕೌದಿಗಳು ಮಡಿಕೆ ಸಹ ಕೆಡದೆ ಹಾಗೇ ಇದ್ದವಂತೆ.

ಮಗಳು ಅದೇ ವಾರ, ದಿನ ತುಂಬುವ ಮೊದಲೇ, ಸನಮಡಿಯ ಮನೆಯಲ್ಲೇ ಹೆತ್ತಳು. ಸೂಲಗಿತ್ತಿ ಬಂದು ಸೆರಗು ಕಟ್ಟುವುದರೊಳಗೆ ಕೂಸು ಅತ್ತಿತು. ತಾಯಿ, ಕೂಸು ಇಬ್ಬರೂ ಸುಖವಾಗಿದ್ದರು. ಮೋಟಾರು ಬೇಕಾಗಿಯೇ ಇರಲಿಲ್ಲ.

ಮುರಿದ ಗಾಡಿ ಒಯ್ಯಲು ವಿಜಾಪುರದಿಂದ ಒಬ್ಬ ಮಿಸ್ತ್ರಿ ಬಂದ. ಸಹಿ ಮಾಡಲು ಬಾರದವನು, ಹೆಬ್ಬೆಟ್ಟು ಒತ್ತಿ ಗಾಡಿ ತೆಗೆದುಕೊಂಡ. ಬಗ್ಗಿ ನೋಡಿ, ಚಕ್ರದ ಕೋಲನ್ನು ಹಿಡಿದು ಅಲುಗಿಸಿ, ನಾಲಿಗೆ ಲೊಚಗುಟ್ಟಿದ.

"ಯಪ್ಪಾ, ಏನ ಪ್ಲೇ ಐತ್ರಿ ಇದರಾಗ! ಇಂಥಾದ್ರ ಮ್ಯಾಲ ಹೆಂಗ ಕುಂತ್ರು?"

ನಾನು ಅವನ ಪಕ್ಕಕ್ಕೆ ಬಗ್ಗಿದೆ. "ಪ್ಲೇ ಅಂದ್ರ ಏನೋ?"

"ಪ್ಲೇ ಅಂದ್ರ ಸಡ್ಲರೀ. ಜೋಡಣಿ ಸವದು ಸವದು ಚಕ್ರ ಸುಮ್ಮನ ಆಡತದ, ಗಾಲಿಗಿ ಮುಟ್ಟೂದಿಲ್ಲ. ಫ್ರೀ ಪ್ಲೇ ಅಂತಾರ." ಮೂತಿಯ ಹಳದಿ ಕಲೆ ತೋರಿಸಿ ಮತ್ತೆ ಅಂದ: "ನೀರಿನ ಟಾಕಿ ತೂತು ಮುಚ್ಚಾಕ ಅರಿಷಿಣ ಬ್ಯಾರೆ ತುಂಬ್ಯಾನ ಸುಳೇಮಗಾ. ನೀವು ಕಲತಾವ್ರು, ನಿಮಗ ಗೊತ್ತಾಗಲಿಲ್ಲೇನ್ರಿ?"

ಅವನು ಹಂಗಿಸಲಿಲ್ಲ. ನಿಜವಾಗಿಯೂ ಅಚ್ಚರಿಯಿಂದ ಕೇಳಿದ.

ಆರು ತಿಂಗಳ ಮೇಲೆ ಮಗಳು ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಉಮದಿಗೆ ಬಂದಳು. ಅಂಗಡಿ ಮುಚ್ಚುವುದಿತ್ತು. ಕಾಗದದ ಆ ಕಟ್ಟನ್ನು ನನ್ನ ಮುಂದೆ ಇಟ್ಟಳು. "ಇದರಾಗ ಏನೇನ ಐತಿ, ಓದಿ ಹೇಳ್ರಿ. ಅಪ್ಪ ಯಾವಾಗಲೂ ನಿಮ್ಮ ಕಡೆನ ಓದಸ್ತಿದ್ದ" ಎಂದಳು. ಚಿಕ್ಕಂದಿನಲ್ಲಿ ನನಗೆ ಲೋ ಎನ್ನುತ್ತಿದ್ದ ಅವಳೂ ತಂದೆಯನ್ನು ನೋಡಿ ರಿ ಕಲಿತಿದ್ದಳು.

ಒಂದೊಂದೇ ಓದಿದೆ. ಆ ಚೀಟಿ ಬಂತು. ಮುಚ್ಚಿ ಕೆಳಗೆ ಇಡಬಹುದಿತ್ತು, ಅವಳಿಗೆ ತಿಳಿಯುತ್ತಿರಲಿಲ್ಲ. ಓದಿದೆ. ಈ ಸಲ ಇದ್ದದ್ದನ್ನು ಇದ್ದಂತೆಯೇ ಹೇಳಿದೆ: ಸ್ಟೇರಿಂಗ್ ಮಿತಿಮೀರಿ ಸಡಿಲಾಗಿದೆ. ಅಂದು ಕಟ್ಟೆಯ ಮೇಲೆ ನಾನು ಏನೆಂದು ಓದಿದ್ದೆ ಎಂಬುದನ್ನೂ ಹೇಳಿದೆ. ಶಬ್ದಕೋಶ ನೋಡಿದ ಮೇಲೂ ಸುಮ್ಮನಿದ್ದದ್ದನ್ನೂ ಹೇಳಿದೆ.

ಕೂಸು ಕಾಗದಕ್ಕೆ ಕೈ ಚಾಚಿತು. ಅವಳು ಅದರ ಕೈಯನ್ನು ಮೆಲ್ಲಗೆ ಸರಿಸಿದಳು.

"ಗೊತ್ತಿಲ್ಲ ಅಂತ ಒಂದ ಮಾತು ಹೇಳಬೇಕಿತ್ತಲ್ಲೋ ಅಣ್ಣಾ" ಎಂದಳು.

ಆ ದಿನದ ನಂತರ ಅವಳು ನನಗೆ ಎಂದೂ ರಿ ಹಚ್ಚಲಿಲ್ಲ. ಅಣ್ಣಾ ಎನ್ನುವುದನ್ನು ಮಾತ್ರ ಬಿಡಲಿಲ್ಲ. ಊರವರು ಪತ್ರ, ಕೋರ್ಟಿನ ಕಾಗದ ತಂದು ನನ್ನ ಮುಂದೆ ಹಿಡಿಯುವುದು ನಿಲ್ಲಲಿಲ್ಲ. ತಿಳಿಯದ ಮಾತು ಬಂದಾಗ ತಿಳಿಯದು ಎಂದೇ ಹೇಳುತ್ತ ಬಂದೆ. ಕೆಲವರು ಬಿ.ಎ. ಎಂಥದೋ ಎಂದು ನಕ್ಕರು. ನಗಲಿ.

ಕಾಕಾ ಹೋದರು, ನಮ್ಮಪ್ಪ ಹೋದ. ಹೋದ ವರ್ಷ ಅವಳೂ ಹೋದಳು... ಈಗ ನನ್ನನ್ನು ಲೋ ಎನ್ನುವ ಒಂದು ಜೀವವೂ ಈ ಊರಲ್ಲಿ ಇಲ್ಲ. ಎಲ್ಲರದೂ ರಿ.

ಮೊನ್ನೆ ಅಂಗಳದಲ್ಲಿ ಹಾಗೇ ನಿಂತಿದ್ದೆ. ಸೊಸೆ ಒಲೆ ಒರೆಸಿ, ಕಿಡಕಿ ತೆರೆದು, ಬಾಗಿಲಿಗೆ ಬಂದು ಕರೆದಳು.

"ಮಾವಾರ, ಒಳಗ ಬರ್ರಿ. ವಾಸನಿ ಹೋತು."

ಹೋಗಿರಲಿಲ್ಲ.