ಪಂಪಿನ ಮನೆಗೊಂದು ಸಲಾಮು

ಕಾಕಾರ ಎರಡೂ ಕೈಗಳು ಮೊಣಕೈವರೆಗೆ ಒಂದೇ ಸಮ ಕಪ್ಪಾಗಿದ್ದವು. ಅಂಗಿಯ ತೋಳು ಸ್ವಲ್ಪ ಮೇಲೆ ಸರಿದರೆ ಒಳಗಿನ ಗೋಧಿಬಣ್ಣ ಕಾಣುತ್ತಿತ್ತು. ಡ್ರೈವರುಗಳಿಗೆ ಸಾಮಾನ್ಯವಾಗಿ ಕಿಟಕಿ ಕಡೆಯ ಒಂದು ಕೈ ಮಾತ್ರ ಸುಟ್ಟಿರುತ್ತದೆ. ಇವರಿಗೇಕೆ ಎರಡೂ ಎಂದು ಒಮ್ಮೆ ಕೇಳಿದ್ದಕ್ಕೆ, ಸಿಗ್ನಲ್ಲಿನಲ್ಲಿ ವ್ಯಾನು ನಿಂತಿದ್ದಾಗ ಎರಡೂ ಕೈ ಮುಂದೆ ಚಾಚಿ ತೋರಿಸಿದರು.

"ಬಲಗೈ ಶಿಗ್ಗಾಂವಿ ಬಿಸಲಿಗೆ ಸುಟ್ಟಿದ್ದು, ಎಡಗೈ ಇಲ್ಲೀ ಬಿಸಲಿಗೆ. ನಮ್ಮ ಕಡೆ ಡ್ರೈವರ್ ಬಲಕ್ಕ ಕುಂದರ್ತಾನ, ಇಲ್ಲಿ ಎಡಕ್ಕ. ಎರಡೂ ಕಡೆ ದುಡದೇನಿ ಅನ್ನಾಕ ಮತ್ತೇನ್ ಸಾಕ್ಷಿ ಬೇಕವ್ವಾ?"

ನಾನು ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನವಳು. ನರ್ಸಿಂಗ್ ಓದಿ, ಕೊಲ್ಲಿಯ ಈ ಊರಿನ ಆಸ್ಪತ್ರೆಗೆ ಬಂದೆ. ಹಾಸ್ಟೆಲಿನಿಂದ ಆಸ್ಪತ್ರೆಗೆ ನಮ್ಮನ್ನು ಕರೆದೊಯ್ಯುವ ವ್ಯಾನಿಗೆ ಕಾಕಾ ಡ್ರೈವರು. ಮೊದಲ ದಿನ ವ್ಯಾನು ಹತ್ತುವಾಗ ಸೆಕೆ ತಡೆಯಲಾಗದೆ, ಯಾರಿಗೂ ತಿಳಿಯುವುದಿಲ್ಲವೆಂಬ ಧೈರ್ಯದಲ್ಲಿ "ಎಪ್ಪಾ, ಏನ್ ಕುದಿ ಅಪಾ ಇದು" ಎಂದು ಗೊಣಗಿದೆ. ಸ್ಟೇರಿಂಗಿನ ಕಡೆಯಿಂದ ಉತ್ತರ ಬಂತು. "ಇದಿನ್ನ ಮುಂಜಾನಿ ಬಿಸಲವ್ವಾ. ಮಧ್ಯಾಹ್ನ ನೋಡೀಯಂತ. ಯಾವೂರು ನಿಂದು?"

"ಚಿಕ್ಕೇರೂರ್ರಿ" ಎಂದೆ. ಅವರು ಕನ್ನಡಿಯಲ್ಲಿ ನೋಡಿ, ಮುಂದಿನ ಸೀಟಿನ ಮೇಲಿದ್ದ ತಮ್ಮ ನೀರಿನ ಬಾಟಲಿ ತೆಗೆದು, "ಇಲ್ಲಿ ಬಂದು ಕುಂದರು" ಎಂದರು. ಅಂದಿನಿಂದ ಆ ಸೀಟು ನನ್ನದಾಯಿತು. ಸಂಬಂಧವಿಲ್ಲದ ಮನುಷ್ಯ ಒಂದೇ ಮುಂಜಾನೆಯಲ್ಲಿ ಕಾಕಾ ಆಗಿಬಿಟ್ಟರು.

ಅವರು ಹುಲಗೂರಿನ ಮಗ್ಗುಲ ಹಳ್ಳಿಯವರು. ಇಲ್ಲಿಗೆ ಬರುವ ಮೊದಲು ಶಿಗ್ಗಾಂವಿಯಿಂದ ಹುಲಗೂರಿಗೆ ಟೆಂಪೋ ಹೊಡೆಯುತ್ತಿದ್ದರಂತೆ. ಮೈ ಸಣಕಲು, ಮೀಸೆ ಮಾತ್ರ ದಪ್ಪ. ಗಾಡಿ ಶುರು ಮಾಡುವ ಮುನ್ನ ಸ್ಟೇರಿಂಗು ಮುಟ್ಟಿ ಕಣ್ಣಿಗೊತ್ತಿಕೊಳ್ಳುವರು. ಮೊಬೈಲನ್ನು ಒಂದು ಬಟ್ಟೆಯಲ್ಲಿ ಸುತ್ತಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯೊಳಗೆ ಹಾಕಿ ಮುಚ್ಚಿಬಿಡುವರು. "ಗಾಡಿ ನಡಸೂ ಮುಂದ ಆ ಸಾಮಾನು ನನಗ ಬ್ಯಾಡ" ಎನ್ನುವರು. ರಜೆಗೆ ಹೋಗಿ ಬಂದರೆ ಸವಣೂರಿನ ಖಾರಾದ ಪೊಟ್ಟಣ ಇಡೀ ವ್ಯಾನಿಗೆ ಹಂಚಿಕೆಯಾಗುತ್ತಿತ್ತು. ಕೇರಳದ ಹುಡುಗಿಯರು ಕಣ್ಣಲ್ಲಿ ನೀರು ತಂದುಕೊಂಡೇ ಮತ್ತೊಮ್ಮೆ ಕೈ ಚಾಚುವರು.

ಇಲ್ಲಿಯ ರಸ್ತೆಗಳಲ್ಲಿ ಪೊಲೀಸರು ಕಾಣುವುದು ಅಪರೂಪ. ಎಲ್ಲ ಕೆಲಸ ಕ್ಯಾಮೆರಾಗಳದು. ವೇಗ ಹೆಚ್ಚಾದರೆ, ಬೆಲ್ಟು ಹಾಕದಿದ್ದರೆ, ಕೈಯಲ್ಲಿ ಮೊಬೈಲಿದ್ದರೆ, ಕಂಬದ ಮೇಲಿಂದ ಫೋಟೊ ಹಿಡಿದು ದಂಡದ ಚೀಟಿ ಕಳಿಸುತ್ತವೆ. ಕಾಕಾ ಈ ಕ್ಯಾಮೆರಾಗಳಿಗೆ 'ಗೌಡ್ರು' ಎಂದು ಹೆಸರಿಟ್ಟಿದ್ದರು. ನಮ್ಮ ಕಡೆ ಕಟ್ಟೆಯ ಮೇಲೆ ಕೂತು ಬರುವವರನ್ನೂ ಹೋಗುವವರನ್ನೂ ಅಳೆಯುವ ಗೌಡರಂತೆ ಇವು ಎಂದು ಅವರ ಲೆಕ್ಕ. "ಸರ್ಯಾಗಿ ಕುಂದರ್ರೆವಾ, ಗೌಡ್ರು ನೋಡಾಕತ್ತಾರ" ಎಂದರೆ ಭಾಷೆ ಬಾರದ ಫಿಲಿಪಿನೋ ಹುಡುಗಿಯೂ ಬೆಲ್ಟು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಇನ್ನೊಂದು ಆಟವಿತ್ತು. ನನಗೆ ಊರು ನೆನಪಾಗಿ ಮುಖ ಬಾಡಿದ್ದನ್ನು ಕಂಡು ಶುರು ಮಾಡಿದ್ದು. ಹಾಸ್ಟೆಲು ಬಿಟ್ಟ ಮೇಲೆ ಬರುವ ಮೊದಲ ವೃತ್ತಕ್ಕೆ "ಹಿರೇಕೆರೂರು ಬಂತು" ಎನ್ನುವರು. ಪೆಟ್ರೋಲ್ ಬಂಕಿಗೆ "ಹಾನಗಲ್ಲ, ಚಾ ಕುಡಿಯೋರು ಇಳೀರಿ." ದೊಡ್ಡ ಅಂಗಡಿಗಳ ಮಾಲು ಶಿಗ್ಗಾಂವಿ. ಆಸ್ಪತ್ರೆಯ ಗೇಟು ಸವಣೂರು. ಕಂಡಕ್ಟರನ ಧಾಟಿಯಲ್ಲಿ ಕೂಗುತ್ತಿದ್ದರು. ನಾನು ನಗಲಾರದೆ ನಗುತ್ತಿದ್ದೆ. ಆದರೆ ಶಿಗ್ಗಾಂವಿ ದಾಟಿದ ಮೇಲೆ ಸವಣೂರು ಬರುವವರೆಗೆ ಏನೂ ಕೂಗುತ್ತಿರಲಿಲ್ಲ.

ಮಾಲಿನಾಚೆಯ ರಸ್ತೆಗೂ ಹೊಸದಾಗಿ ಒಬ್ಬ ಗೌಡರು ಬಂದು ನಿಂತ ಮೇಲೆ, ಇಂಥ ಮನುಷ್ಯನಿಗೆ ಒಂದು ದಿನ ದಂಡ ಬಂತು. ಗಾಡಿ ನಡೆಸುತ್ತ ಮೊಬೈಲು ಬಳಸಿದ್ದಕ್ಕೆ ಎಂದು ಬರೆದಿತ್ತು. ವ್ಯಾನಿನಲ್ಲಿ ಎಲ್ಲರೂ ನಕ್ಕೆವು. ಕಾಕಾ ಮಾತ್ರ ನಗಲಿಲ್ಲ. "ಗೌಡ್ರು ಯಾರನ್ನೋ ನೋಡಿ ಯಾರ ಹೆಸರೋ ಬರಕೊಂಡಾರ" ಎಂದು ತೆಪ್ಪಗೆ ಸಂಬಳದಲ್ಲಿ ಕಡಿತ ಮಾಡಿಸಿಕೊಂಡರು. ಸ್ವಲ್ಪ ದಿನಕ್ಕೇ ಇನ್ನೊಂದು ಬಂತು. ಅದೇ ರಸ್ತೆ, ಅದೇ ತಪ್ಪು. ವಾಹನ ವಿಭಾಗದವರು ಕರೆದು, ಇನ್ನೊಂದು ಬಂದರೆ ಚಾವಿ ಒಪ್ಪಿಸಿ ಬಟ್ಟೆ ಒಗೆಯುವ ವಿಭಾಗಕ್ಕೆ ಹೋಗಬೇಕಾಗುತ್ತದೆ ಎಂದರು.

ಅವತ್ತು ಸಂಜೆ ಹಾಸ್ಟೆಲಿನ ಮುಂದೆ ಎಲ್ಲರೂ ಇಳಿದ ಮೇಲೂ ನಾನು ಕೂತೇ ಇದ್ದೆ.

"ಚಾದರ ಮಡಚಾಕ ಬಂದೇನೇನವ್ವಾ ನಾ, ಇಲ್ಲೀತನಕ?" ಎಂದರು. "ದುಡ್ಡಿಂದಲ್ಲ. ಇನ್ನೇನು ಊರಿಗೆ ಹೋಗೋ ವ್ಯಾಳ್ಯಾ ಬಂತು. ಹೋಗೂ ಮುಂದ ನಾನs ಕೈಯಾರೆ ಚಾವಿ ಕೊಟ್ಟು ಹೋಗಬೇಕು. ಅವರು ಕಸಗೊಂಡ್ರು ಅನ್ನಿಸಿಗೊಂಡು ಊರಿಗೆ ಹ್ಯಾಂಗ ಹೋಗ್ಲಿ?"

ಚಾವಿಯನ್ನು ಅವರು ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಸವರುತ್ತಿದ್ದರು. ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ನನ್ನ ಅವ್ವನೂ ಹೇಳುತ್ತಾಳೆ. "ನಡೀರಿ ಕಾಕಾ, ನಾಳೆ ನನಗ ರಜಾ ಐತಿ. ಆ ಫೋಟೊ ಎಲ್ಲೈತಿ ತೋರಸ್ರಿ ಅಂತ ಅವರನ್ನs ಕೇಳೂಣು" ಎಂದೆ.

ಸಂಚಾರ ಇಲಾಖೆಯ ಕಚೇರಿಯಲ್ಲಿ ತಕರಾರು ಕೇಳುವ ಅಧಿಕಾರಿಗೆ ವಯಸ್ಸಾಗಿತ್ತು. ರೋಗಿಗಳಿಂದ ಕಲಿತ ನನ್ನ ಹರಕು ಅರಬ್ಬಿಯಲ್ಲಿ, ಈ ಮನುಷ್ಯ ಮೊಬೈಲು ಮುಟ್ಟುವುದೇ ಇಲ್ಲ ಎಂದು ವಾದಿಸಿದೆ. ಅವರು ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಗಾಜಿನ ಆಚೆ ಕಾಕಾ ಸ್ಪಷ್ಟವಾಗಿ ಕಾಣುತ್ತಿದ್ದರು. ಬಲಗೈ ಮೇಲೆದ್ದು ಹಣೆಯ ಬದಿಗೆ ತಾಗಿತ್ತು. ದೂರದಿಂದ ನೋಡಿದವರು ಕಿವಿಗೆ ಮೊಬೈಲಿದೆ ಎಂದೇ ಹೇಳಬೇಕು. ಪಕ್ಕದಲ್ಲಿ ನಾನು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದೆ.

ಕಾಕಾ ಮುಂದೆ ಬಾಗಿ ನೋಡಿದರು. "ನಾ ಇಷ್ಟ ಮುದುಕ ಆಗೇನೇನವ್ವಾ?" ಎಂದರು.

"ಅದಿರಲಿ, ಕೈ ಯಾಕ ಮ್ಯಾಲ ಹೋಗೇತ್ರಿ?" ಎಂದೆ. ಅವರ ಕೈ ಹಾಗೆ ಮೇಲೇಳುವುದನ್ನು ನಾನೂ ಎಷ್ಟೋ ಸಲ ಕಂಡಿದ್ದೆ. ಬೆವರು ಒರೆಸಿಕೊಳ್ಳುತ್ತಾರೆ ಎಂದುಕೊಂಡಿದ್ದೆ.

ಕಾಕಾ ಅಧಿಕಾರಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗನಂತೆ ದನಿ ಇಳಿಸಿ ಹೇಳಿದರು. "ಶಿಗ್ಗಾಂವಿ ದಾಟಿದ ಮ್ಯಾಲ ಬಲಕ್ಕ ಒಂದು ಪಂಪಿನ ಮನಿ ಐತಿ ನೋಡು, ಬಿಳೇದು, ಗುಂಡಗಿನ ಮಾಡು, ಹಸರು ಬಾಗಲಾ. ದೂರಿಂದ ನಮ್ಮ ಹುಲಗೂರು ದರ್ಗಾದಂಗ ಕಾಣತೈತಿ. ಅಲ್ಲಿ ಹಾಯೂ ಮುಂದ ಕೈ ಎತ್ತದs ಹೋದ ಡ್ರೈವರ್ ನಮ್ಮ ಕಡೆ ಒಬ್ಬಾಂವ ಇಲ್ಲ. ನಾ ಎಷ್ಟು ವರ್ಷ ಎತ್ತೇನಿ."

"ಅದು ನೀರಿನ ಪಂಪಿನ ಮನಿ ಅಂತ ಗೊತ್ತಿಲ್ಲೇನ್ರಿ ನಿಮಗ?"

"ನನಗ ಗೊತ್ತೈತವ್ವಾ. ಕೈಗೆ ಗೊತ್ತಿಲ್ಲ."

ಇದನ್ನು ನಾನು ಅರಬ್ಬಿಯಲ್ಲಿ ಹೇಳುವುದು ಹೇಗೆ? ತಡವರಿಸುತ್ತ, ಇವರ ಊರ ಹತ್ತಿರ ಒಬ್ಬ ಸಂತರ ಗೋರಿಯಿದೆ, ಇವರು ಅದಕ್ಕೆ ಇಲ್ಲಿಂದಲೇ ಸಲಾಮು ಮಾಡುತ್ತಾರೆ ಎಂದೆ. ಇವರು ಮುಸಲ್ಮಾನರೇ ಎಂದು ಅಧಿಕಾರಿ ಕೇಳಿದರು. ಅಲ್ಲ ಎಂದೆ. ಮತ್ತೆ ಸಂತರಿಗೆ ಸಲಾಮು ಏಕೆ ಎಂದರು. ನಾನು ಕಾಕಾರನ್ನು ಕೇಳಿದೆ. ಆ ಪ್ರಶ್ನೆಯೇ ಅವರಿಗೆ ಅರ್ಥವಾಗಲಿಲ್ಲ. "ಮತ್ತ? ಊರ ದರ್ಗಾ ಅಲ್ಲೇನು ಅದು?" ಎಂದರು.

ಅಧಿಕಾರಿ ಫೋಟೊವನ್ನು ದೊಡ್ಡದು ಮಾಡಿ, ಕೈಯನ್ನು ಬಹಳ ಹೊತ್ತು ನೋಡಿದರು. ಬೆರಳುಗಳ ನಡುವೆ ಏನೂ ಇರಲಿಲ್ಲ. ಈ ಎರಡನೆಯ ದಂಡವನ್ನು ವಜಾ ಮಾಡಿದರು. ಮೊದಲನೆಯದಕ್ಕೆ ತಕರಾರು ಮಾಡುವ ಗಡುವು ಮುಗಿದಿತ್ತು, ಅದು ಹಾಗೇ ಉಳಿಯಿತು. ನಾವು ಏಳುವಾಗ ಅಧಿಕಾರಿ ಕಾಕಾರ ಹೆಗಲು ಮುಟ್ಟಿ, ಕ್ಯಾಮೆರಾಕ್ಕೆ ಸಲಾಮು ತಿಳಿಯುವುದಿಲ್ಲ, ಮುಂದಿನ ಸಲ ತಮ್ಮ ಬದಲು ಬೇರೆ ಯಾರೋ ಇರಬಹುದು, ಎರಡೂ ಕೈ ಸ್ಟೇರಿಂಗಿನ ಮೇಲಿರಲಿ ಎಂದರು.

ಮರುದಿನ ಕಾಕಾ ಬಲ ಮುಂಗೈಗೆ ಕರವಸ್ತ್ರ ಕಟ್ಟಿಕೊಂಡು ಬಂದರು. ನೆನಪಿಗಂತೆ. ಪಂಪಿನ ಮನೆ ಹತ್ತಿರವಾದಂತೆ ಅವರ ಬೆರಳುಗಳು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದವು. ಕೈ ಮೇಲೇಳಲಿಲ್ಲ. ಅದು ಹಿಂದೆ ಸರಿದ ಮೇಲೆ ಕಾಕಾರ ಮುಖ ನೋಡಬೇಕಿತ್ತು. ಮನೆಯ ಹಿರಿಯರು ಎದುರಿಗೆ ಕೂತಿದ್ದರೂ ಮಾತಾಡಿಸದೆ ದಾಟಿ ಬಂದವರ ಮುಖ ಅದು. ಅಂದು "ಸವಣೂರು ಬಂತು" ಎಂಬ ಕೂಗು ಕೇಳಲಿಲ್ಲ. ಮರುದಿನವೂ ಇಲ್ಲ. ವಾರ ಕಳೆಯುವಷ್ಟರಲ್ಲಿ ಹಿರೇಕೆರೂರು, ಹಾನಗಲ್ಲುಗಳೂ ಬರುವುದು ನಿಂತವು. ವ್ಯಾನು ಸುಮ್ಮನೆ ಆಸ್ಪತ್ರೆಗೆ ಹೋಗಿ ಸುಮ್ಮನೆ ಬರುತ್ತಿತ್ತು. ಚಾವಿ ಉಳಿದಿತ್ತು, ಕಾಕಾ ಕಳೆದುಹೋಗಿದ್ದರು. ನನ್ನ ಹಟದಿಂದ ಗೆದ್ದ ತಕರಾರು ನನಗೇ ಬೇಡವಾಗತೊಡಗಿತು.

ಒಂದು ಮುಂಜಾನೆ ಮಾಲು ದಾಟುತ್ತಲೇ ಅವರು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು. "ಯವ್ವಾ, ನನ್ನ ಪಾಲಿಂದು ನೀನs ಮಾಡ್ತೀಯೇನು?"

"ಏನ್ರಿ ಕಾಕಾ?"

"ಕೈ ಎತ್ತೂದು. ನೀ ಕೈ ಎತ್ತಿದ್ರ ಗೌಡ್ರು ಏನೂ ಅನ್ನೂದಿಲ್ಲ."

"ನಾ ಮಾಡಿದ್ರ ಮುಟ್ಟತೈತೇನ್ರಿ?"

"ಊರಿಗೆ ಹೊಂಟೋರ ಕೈಯಾಗ ನಮಸ್ಕಾರ ಹೇಳಿ ಕಳಸೂದಿಲ್ಲೇನು? ಹಂಗ. ನಾ ಕಳಸೇನಿ ಅಂದಮ್ಯಾಲ ಮುಟ್ಟತೈತಿ."

ನಾನು ಎತ್ತಿದೆ. ಮೊದಲಿಗೆ ನಾಚಿಕೆಯಾಯಿತು. ನೀರಿನ ಪಂಪಿಗೆ ಸಲಾಮು ಮಾಡುವ ನರ್ಸನ್ನು ಕಂಡು ಹಿಂದಿನ ಹುಡುಗಿಯರು ಕಿಸಕ್ಕೆಂದರು. ಕಾಕಾ ಮಾತ್ರ ಉಸಿರು ಬಿಟ್ಟು ಸೀಟಿಗೆ ಒರಗಿದರು. ಆಸ್ಪತ್ರೆಯ ಗೇಟಿನಲ್ಲಿ "ಸವಣೂರು ಬಂತು, ಇಳೀರಿ ಇಳೀರಿ" ಎಂದು ಕೂಗಿದರು. ಅಂದಿನಿಂದ ಅದು ನನ್ನ ದಿನದ ಕೆಲಸ. ನಿದ್ದೆ ಹತ್ತಿದ್ದರೆ ಮೊಣಕೈಯಿಂದ ತಿವಿದು ಎಬ್ಬಿಸುವರು. ರಾತ್ರಿಪಾಳಿ ಮುಗಿಸಿ ಸಿಡುಕಿನಲ್ಲಿದ್ದಾಗ "ದರ್ಗಾದವರೇನ್ ಎದ್ದು ಹೋಗ್ತಾರೇನ್ರಿ ಕಾಕಾ, ನಾಳೆ ಮಾಡಿದ್ರಾತು" ಎಂದರೆ, "ನಾಳಿಂದು ನಾಳಿಗೆ" ಎನ್ನುವರು. ದಿನಗಳೆದಂತೆ ಕೇರಳದ ಒಬ್ಬ ಹುಡುಗಿಯೂ ಹಿಂದಿನ ಸೀಟಿನಿಂದ ಕೈ ಎತ್ತತೊಡಗಿದಳು. ಏಕೆ ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅದರ ಬದಲಿಗೆಂದು ಅವರೇನೂ ಹೇಳಲಿಲ್ಲವಾದರೂ, ರಜಾ ದಿನಗಳಲ್ಲಿ ತಮ್ಮ ಗೆಳೆಯರೊಬ್ಬರ ಹಳೆಯ ಕಾರು ತಂದು ನನಗೆ ಗಾಡಿ ಕಲಿಸಿದರು. ಇಲ್ಲಿಯ ಕುರಿಸಂತೆಯ ಹಿಂದಿನ ಬಯಲಿನಲ್ಲಿ ಅವರಿಗೆ ನನ್ನ ಮೂಗಿನ ತುದಿಯ ಸಿಟ್ಟೆಲ್ಲ ನೋಡಲು ಸಿಕ್ಕಿತು. ನಾನು ಗಾಡಿ ಬಂದ್ ಮಾಡಿ ಇಳಿದು ನಡೆದರೆ, ಅವರು ಒಳಗೇ ಕೂತು ಕಾಯುವರು. ಬಿಸಿಲಿಗೆ ನಾನೇ ಮರಳಿ ಬರಬೇಕಿತ್ತು. "ಆತೇನು? ಹಂಗಾರ ಕ್ಲಚ್ ತುಳಿ" ಎನ್ನುವರು. ಇವತ್ತು ಈ ದೇಶದಲ್ಲಿ ಯಾರ ಹಂಗೂ ಇಲ್ಲದೆ ನಾನು ಎಲ್ಲಿ ಬೇಕೆಂದರಲ್ಲಿ ಹೋಗುತ್ತೇನೆ. ಆ ಸ್ವಾತಂತ್ರ್ಯ ಕಾಕಾ ಕೊಟ್ಟದ್ದು.

ಅವರು ಊರಿಗೆ ಹೊರಡುವ ಮುನ್ನಾದಿನ ಹೊಸ ಡ್ರೈವರಿಗೆ ದಾರಿ ತೋರಿಸಬೇಕಿತ್ತು. ಚಾವಿಯನ್ನು ಕಣ್ಣಿಗೊತ್ತಿಕೊಂಡು, ತಾವೇ ಅವನ ಅಂಗೈಯಲ್ಲಿಟ್ಟರು. ನಾನು ನನ್ನ ಸೀಟು ಬಿಟ್ಟು ಹಿಂದೆ ಕೂತೆ. ಆ ಸೀಟಿನಲ್ಲಿ ಕಾಕಾ ಹೊಸದಾಗಿ ಬಂದ ನೆಂಟರಂತೆ ಮುದುರಿಕೊಂಡು ಕೂತರು. ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟರು, ತೆಗೆದರು, ಮತ್ತೆ ಇಟ್ಟರು. ಮಾಲು ದಾಟಿತು. ಬಿಳಿಯ ಗುಂಡು ಮಾಡು ಕಂಡಿತು. ಕಾಕಾರ ಬಲಗೈ ಮೇಲೆದ್ದು ಹಣೆಗೆ ತಾಗಿ ಅಲ್ಲೇ ನಿಂತಿತು. ಗೌಡರು ಕಂಬದ ಮೇಲಿಂದ ನೋಡುತ್ತಲೇ ಇದ್ದರು.

"ಹುಲಗೂರು ಬಂತು" ಎಂದರು ಕಾಕಾ. ಇಷ್ಟು ವರ್ಷಗಳಲ್ಲಿ ಆ ಹೆಸರನ್ನು ಆ ರಸ್ತೆಯಲ್ಲಿ ಅವರು ಕೂಗಿದ್ದು ಅದೊಂದೇ ಸಲ.

ಊರಿಗೆ ಹೋದ ಮೇಲೂ ಆಗಾಗ ಫೋನು ಮಾಡುತ್ತಿದ್ದರು. ಮಾತು ಮುಗಿಸುವಾಗ "ನನ್ನ ಪಾಲಿಂದು ಮಾಡಾಕತ್ತೀಯಿಲ್ಲೋ?" ಎಂದು ಕೇಳುವರು. "ಈಗ ನಿಮ್ಮ ಮನಿ ಮುಂದs ಐತೆಲ್ರಿ ದರ್ಗಾ, ನೀವs ಮಾಡ್ರಿ" ಎಂದು ನಾನು ಛೇಡಿಸುತ್ತಿದ್ದೆ. "ಇಲ್ಲಿಂದು ನಾ ಮಾಡ್ತೇನಿ. ಅಲ್ಲಿಂದು ನಿಂದು" ಎನ್ನುವರು. ರಸ್ತೆ ಅಗಲ ಮಾಡಲು ಪಂಪಿನ ಮನೆಯನ್ನು ಕೆಡವಿದ್ದನ್ನು ನಾನು ಅವರಿಗೆ ಹೇಳಲೇ ಇಲ್ಲ. ಅದು ಹೋದ ಮೇಲೆ ನನ್ನ ಕೈ ಏಳುವುದೂ ನಿಂತಿತ್ತು.

ಒಂದು ಮಧ್ಯಾಹ್ನ ಅವರ ಮಗಳು ಫೋನು ಮಾಡಿದಳು. "ಉಂಡು ಕಟ್ಟಿ ಮ್ಯಾಲ ಬಂದು ಕುಂತಿದ್ರಕ್ಕಾ. ಹಂಗs ಗ್ವಾಡಿಗೆ ಒರಗಿದ್ರು. ನಿದ್ದಿ ಹತ್ತೇತಿ ಅಂತ ನಾವು ಎಬ್ಬಸಲಿಲ್ಲ" ಎಂದಳು. ನನಗೆ ಹೋಗಲಾಗಲಿಲ್ಲ. ಮರುದಿನ ಎಂದಿನಂತೆ ಎದ್ದು ನನ್ನ ಸಣ್ಣ ಕಾರಿನಲ್ಲಿ ಕೆಲಸಕ್ಕೆ ಹೋದೆ. ದಾರಿಯಲ್ಲಿ ಅತ್ತೆನೋ ಇಲ್ಲವೋ ನೆನಪಿಲ್ಲ.

ಕೆಲವು ದಿನಗಳ ಮೇಲೆ ಮೊಬೈಲಿಗೆ ಸಂದೇಶ ಬಂತು. ನನ್ನ ಹೆಸರಿಗೆ ಮೊದಲ ದಂಡ, ಗಾಡಿ ನಡೆಸುತ್ತ ಮೊಬೈಲು ಬಳಸಿದ್ದಕ್ಕೆ. ನನ್ನ ಮೊಬೈಲು ಯಾವಾಗಲೂ ಬಟ್ಟೆ ಸುತ್ತಿಕೊಂಡು ಪೆಟ್ಟಿಗೆಯೊಳಗಿರುತ್ತದೆ. ಉರಿದುಕೊಂಡೇ ಫೋಟೊ ತೆರೆದೆ. ಕಾಕಾ ಹೋದ ಮರುದಿನದ ಮುಂಜಾನೆಯದು. ಹಿಂದೆ ಪಂಪಿನ ಮನೆ ಇದ್ದ ಜಾಗದಲ್ಲಿ ಬರೀ ಹೊಸ ಟಾರು. ಗಾಜಿನೊಳಗೆ ನಾನು, ಪಕ್ಕದಲ್ಲಿ ಖಾಲಿ ಸೀಟು. ನನ್ನ ಬಲಗೈ ಹಣೆಗೆ ತಾಗಿತ್ತು.

ಕಾಕಾರ ಒಂದು ಫೋಟೊ ಕೂಡ ನನ್ನ ಬಳಿ ಇಲ್ಲ. ಅಂದು ಆ ಕಚೇರಿಯ ಪರದೆಯ ಮೇಲಿದ್ದದ್ದನ್ನು ಕೇಳಿ ತೆಗೆದುಕೊಳ್ಳಬೇಕೆಂದು ಹೊಳೆಯಲೇ ಇಲ್ಲ. ಈಗ ಆ ಮುಖಕ್ಕಾಗಿ ಹಂಬಲಿಸಿದಾಗಲೆಲ್ಲ ನನ್ನದೇ ಈ ಫೋಟೊ ತೆರೆದು ಕೈಯನ್ನು ನೋಡುತ್ತೇನೆ. ಸಂದೇಶದ ಕೊನೆಯಲ್ಲಿ, ಈ ದಂಡದ ಬಗ್ಗೆ ನಿಮ್ಮ ತಕರಾರು ಇದೆಯೇ ಎಂದು ಕೇಳಿತ್ತು. ಇಲ್ಲ ಎಂದು ಒತ್ತಿದೆ.