ಹಸಿರು ಸೀರೆ ಕಳುವಾಗಿರಲಿಲ್ಲ

ಆ ಹಸಿರು ಇಳಕಲ್ ಸೀರೆಯನ್ನು ಯಾರೂ ಕದ್ದಿರಲಿಲ್ಲ. ನಾನೇ ಕೊಟ್ಟಿದ್ದೆ. ಕೊಟ್ಟು, ಕೊಟ್ಟಿಲ್ಲವೆಂದೆ.

ಸುಮಾ, ಮುಂದಿನ ವಾರ ನಿನ್ನ ಚೊಚ್ಚಲ ಬಸುರಿನ ಕುಬಸ. ಮೊದಲ ಉಡಿ ಈ ಅಜ್ಜಿಯೇ ತುಂಬಬೇಕೆಂದು ಹಟ ಹಿಡಿದಿದ್ದೀಯ. "ಮಲೇಷ್ಯಾದಾಗ ಹೋಟೆಲ್ ಕಸ ಹೊಡಿಯಾಕಿಗೂ ದಿನಾ ಶೇಂಗಾ ಉಂಡಿ ಇಟ್ಟ ಕೈ ಅದು" ಎಂದು ತಮ್ಮಂದಿರೆದುರು ನನ್ನನ್ನು ಹೊಗಳಿದೆ. ಅಂದೇ ಈ ಕಾಗದ ಬರೆಯಲು ಕೂತೆ. ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಎಂದೂ ಇರಲಿಲ್ಲ. ಚೋರನೂರಿನ ಶಾಲೆಯಲ್ಲಿ ಕಲಿತ ನಾಲ್ಕು ಅಕ್ಷರ ಇದಕ್ಕಾದರೂ ಆಗಲಿ.

ನಿನ್ನ ಅವ್ವನ ಕುಬಸದಿಂದ ಶುರುಮಾಡಬೇಕು. ನೀನಾಗ ಅವಳ ಹೊಟ್ಟೆಯಲ್ಲಿದ್ದೆ. ನಿಮ್ಮ ತಾತ ತೀರಿಕೊಂಡು ವರ್ಷವಾಗಿತ್ತು. ಡ್ಯಾಮಿನ ಕ್ವಾರ್ಟರ್ಸ್ ಬಿಟ್ಟು ಹೊಸಪೇಟೆಗೆ ಬಂದಿದ್ದೆವು. ಅಕ್ಕಿ, ಕೊಬ್ಬರಿ, ಖಣ ಇಟ್ಟ ತಟ್ಟೆ ಹಿಡಿದು ಮಗಳ ಮುಂದೆ ನಿಂತಿದ್ದೆ. ತಾತನ ಅಕ್ಕ — ನಿಮ್ಮ ಕಂಪ್ಲಿಯ ಕಮಲಜ್ಜಿ — ತಟ್ಟೆ ಕಿತ್ತುಕೊಂಡಳು.

"ಗೌರಿ, ಗಂಡ ಇಲ್ಲದಾಕಿ ನೀ, ನಿನಗ ಬುದ್ಧಿ ಐತೇನು? ಹಿಂದ ಸರಿ. ಒಳಗ ಹೋಗಿ ಹೋಳಿಗಿ ನೋಡು, ಹೊತ್ತಾಕತ್ಯಾವ."

ಹೆಂಗಸರು ನಕ್ಕರು. ಹೋಳಿಗೆ ಹೊತ್ತಿರಲಿಲ್ಲ.

ಆ ನಗೆಯನ್ನು ನಾನು ಮರೆಯಲಿಲ್ಲ. ಮರೆಯಬಾರದೆಂದೇ ದಿನಾ ನೆನೆದೆ. ಹದಿನೈದು ವರ್ಷ.

ಆಮೇಲೆ ಕಮಲಕ್ಕನ ಕಿರಿಮಗಳು ಸವಿತಾ ಮಲೇಷ್ಯಾದಲ್ಲಿ ಬಸುರಾದಳು. ಕುಬಸ ಅಲ್ಲಿಯೇ ಮಾಡುವುದೆಂದು ಕಮಲಕ್ಕ ಹೊರಟಳು. ಅಡಿಗೆಗೆ, ಬ್ಯಾಗು ಹೊರಲಿಕ್ಕೆ ನನ್ನನ್ನು ಕರೆದೊಯ್ದಳು. ಸವಿತಾಳ ಮನೆ ಸಣ್ಣದು, ಹತ್ತಿರದ ಹೋಟೆಲಿನಲ್ಲಿ ಇಳಿದೆವು.

ಕೋಣೆ ಗುಡಿಸಲು ಬರುತ್ತಿದ್ದ ತಮಿಳು ಹೆಂಗಸಿನ ಹೆಸರು ಸೆಲ್ವಿ. ತುಂಬು ಬಸುರಿ. ಹಾಸಿಗೆಗೆ ಬಗ್ಗುವಾಗ ಸೊಂಟ ಹಿಡಿದುಕೊಳ್ಳುತ್ತಿದ್ದಳು. ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಅವಳು ಬರುವ ಮೊದಲೇ ಹಾಸಿಗೆ ನಾನೇ ಸರಿಮಾಡಿ, ದಿಂಬಿನ ಮೇಲೆ ಎರಡು ಉಂಡೆ ಇಡುತ್ತಿದ್ದೆ. ಅದು ನಿಜ. ಅಷ್ಟೇ ನಿಜ.

ಕುಬಸದ ಬೆಳಗ್ಗೆ ಕಮಲಕ್ಕ ಮಗಳಿಗೆ ಉಡಿಸಲು ತಂದಿದ್ದ ಹಸಿರು ಸೀರೆಯನ್ನು ತೆಗೆದು ಹಾಸಿಗೆಯ ಮೇಲಿಟ್ಟಳು.

"ಇವತ್ತು ಸವಿತಾನ ಮನ್ಯಾಗ ನೀ ಅಡಿಗಿಮನಿ ಬಿಟ್ಟು ಹೊರಗ ಬರಬ್ಯಾಡ. ಮತ್ತ ಹೇಳಿಸ್ಕೋಬ್ಯಾಡ ನನ್ನ ಕೈಲೆ" ಎಂದು ಸ್ನಾನಕ್ಕೆ ಹೋದಳು.

ಆಗಲೇ ಸೆಲ್ವಿ ಬಂದಳು. ಅವಳನ್ನು ಕುರ್ಚಿಯ ಮೇಲೆ ಕೂರಿಸಿದೆ. ಸೀರೆ, ಖಣ, ಕಂಪ್ಲಿಯಿಂದ ಕಟ್ಟಿ ತಂದಿದ್ದ ಅಕ್ಕಿ, ಕೊಬ್ಬರಿ — ಎಲ್ಲವನ್ನೂ ಅವಳ ಉಡಿಗೆ ತುಂಬಿದೆ. ನನ್ನ ಈ ಕೈಯಿಂದ. ಕುಂಕುಮವನ್ನೂ ಹಚ್ಚಿದೆ. ಅವಳು ಅತ್ತು ನನ್ನ ಕಾಲು ಮುಟ್ಟಿದಳು. ನಾನು ಅವಳ ಮುಖ ನೋಡಲಿಲ್ಲ ಸುಮಾ — ಬಚ್ಚಲಿನ ಬಾಗಿಲು ನೋಡುತ್ತಿದ್ದೆ. ಒಳಗೆ ನೀರಿನ ಸದ್ದು. ಈಗ ಯಾರ ಉಡಿಗೆ ಏನು ತುಂಬುತ್ತೀಯೋ ತುಂಬು ಕಮಲಕ್ಕ, ಎಂದುಕೊಂಡೆ.

ಸ್ನಾನ ಮುಗಿಸಿ ಬಂದು ಸೀರೆ ಕಾಣದ ಕಮಲಕ್ಕನ ಕೂಗಿಗೆ ಹೋಟೆಲಿನ ಮ್ಯಾನೇಜರ್ ಬಂದ, ಸವಿತಾಳೂ ಓಡಿಬಂದಳು. ಸೆಲ್ವಿಯ ಕಸದ ಗಾಡಿ ಹುಡುಕಿದರು. ಮಾಸಿದ ಟವೆಲುಗಳ ಕೆಳಗೆ ಸೀರೆ ಸಿಕ್ಕಿತು. ಸೆಲ್ವಿ ನನ್ನ ಕಡೆ ಕೈ ತೋರಿಸಿದಳು. ಅಕ್ಕಾ, ಅಕ್ಕಾ ಎಂದಳು.

"ಅತ್ತಿ, ನೀವ ಕೊಟ್ರಿ ಅಂತಾಳ ಈಕಿ. ಖರೇನ?" ಸವಿತಾ ಕೇಳಿದಳು.

ಒಂದು ಹೂಂ ಸಾಕಿತ್ತು. ಕಮಲಕ್ಕ ನನ್ನನ್ನೇ ನೋಡುತ್ತಿದ್ದಳು. ಇವಳೆದುರು ಮತ್ತೊಮ್ಮೆ ತಲೆ ತಗ್ಗಿಸುವುದೇ —

"ಇಲ್ಲವ್ವ. ನಾ ಯಾಕ ಕೊಡ್ಲಿ?"

ಸೆಲ್ವಿ ಕೈ ಇಳಿಸಿದಳು. ಮತ್ತೆ ಅಕ್ಕಾ ಎನ್ನಲಿಲ್ಲ. ಹಣೆಯ ಮೇಲೆ ನಾನು ಹಚ್ಚಿದ ಕುಂಕುಮ ಹಾಗೇ ಇತ್ತು. ಅದನ್ನು ಯಾರೂ ಗಮನಿಸಲಿಲ್ಲ.

ಕಸದ ಗಾಡಿಯಲ್ಲಿ ಬಿದ್ದ ಸೀರೆ ಮಗಳಿಗೆ ಬೇಡವೆಂದು ಕಮಲಕ್ಕ ಹಳೆಯ ಸೀರೆಯಲ್ಲೇ ಕುಬಸ ಮಾಡಿ ಅತ್ತಳು. ನಾನು ಸವಿತಾಳ ಅಡಿಗೆಮನೆಯಲ್ಲಿ ನಿಂತು ಆ ಅಳುವನ್ನು ಕೇಳಿದೆ. ಸುಖವಾಯಿತು. ಸುಳ್ಳು ಬರೆಯಲಾರೆ, ಭಾಳ ಸುಖವಾಯಿತು.

ಮರುದಿನ ಬೇರೆ ಹೆಂಗಸು ಬಂದಳು. ಸೆಲ್ವಿ ಎಲ್ಲಿ ಎಂದು ಸನ್ನೆಯಲ್ಲಿ ಕೇಳಿದೆ. ಅವಳು ಹೊರಗಿನ ಬಾಗಿಲ ಕಡೆ ಕೈ ಬೀಸಿದಳು.

"ಗೌರಿ ಉಂಡಿ ತಿನ್ನಿಸಿದ್ಲು, ಆಕಿ ಸೀರಿಗೇ ಕೈ ಹಾಕಿದ್ಲು" ಎಂದು ಕಮಲಕ್ಕ ಇವತ್ತಿಗೂ ಹೇಳುತ್ತಾಳೆ. ನೀವೆಲ್ಲ ನಗುತ್ತೀರಿ. ನಾನೂ ನಕ್ಕಿದ್ದೇನೆ.

ಕಮಲಕ್ಕನ ಮೇಲಿನ ಸಿಟ್ಟು ಆರಿಲ್ಲ. ಉಡಿ ತುಂಬಲು ನೀನು ಕರೆದಾಗ ನನ್ನ ಕಣ್ಣಿಗೆ ಮೊದಲು ಬಂದದ್ದು ನಿನ್ನ ಮುಖವಲ್ಲ — ಎದುರಿಗೆ ಕುಳಿತು ನೋಡಬೇಕಾದ ಅವಳ ಮುಖ. ಅದಕ್ಕೇ ಇದನ್ನು ಬರೆದೆ. ಒಬ್ಬ ಬಸುರಿಯ ಉಡಿಗೆ ನನ್ನ ಸೇಡು ತುಂಬಿದ್ದೇನೆ. ನಿನ್ನ ಉಡಿಗೂ ಅದನ್ನೇ ತುಂಬಲಾರೆ.

ಆ ದಿನ ಬರುತ್ತೇನೆ. ಹೆಂಗಸರೆಲ್ಲ ಕೇಳುವಂತೆ, ಕಮಲಕ್ಕನ ಮುಂದೆಯೇ, ಸೆಲ್ವಿ ಕದ್ದಿರಲಿಲ್ಲ ಎಂದು ಹೇಳುತ್ತೇನೆ. ಹೇಳಿ, ಈ ಸಲ ಯಾರೂ ಹೇಳುವ ಮೊದಲೇ, ನಾನೇ ಹಿಂದೆ ಸರಿಯುತ್ತೇನೆ.