ಅತ್ತೆಯ ಕಡಕ್ ರೊಟ್ಟಿ

ಪಿತೃಪಕ್ಷದ ಅಮಾವಾಸ್ಯೆಗೆಂದು ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಿಂದ ಜೋಳ ತಂದು ಬೀಸಿಸಿ, ಇವತ್ತು ಬೆಳಗ್ಗೆ ರೊಟ್ಟಿ ಬಡಿಯಲು ಕೂತಿದ್ದೆ. ಫೋನ್ ಬಂತೆಂದು ಎದ್ದು ಹೋಗಿ ಬರುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿಯ ಅಂಚು ಸೀದಿತ್ತು. ಆ ವಾಸನೆಗೆ ಭಾಲ್ಕಿಯ ನಮ್ಮ ಹಳೆಯ ಅಡುಗೆಮನೆ ಕಣ್ಣ ಮುಂದೆ ಬಂತು. ಗೋಡೆಗೆ ಮುಖ ಮಾಡಿ ಕೂತು ಕಡಕ್ ರೊಟ್ಟಿ ಮುರಿಯುತ್ತಿದ್ದ ಸೋದರತ್ತೆಯೂ ಬಂದಳು... ಅವಳಿಗೆ ಅಂಚು ಸೀದ ರೊಟ್ಟಿಯೇ ಆಗಬೇಕಿತ್ತು.

ಅತ್ತೆಯನ್ನು ಔರಾದ ಕಡೆಯ ಎಕಂಬಾಕ್ಕೆ ಕೊಟ್ಟಿದ್ದರು. ವರ್ಷ ತುಂಬುವ ಮೊದಲೇ ತವರಿಗೆ ಕಳಿಸಿಬಿಟ್ಟರು. ಅವರೇನೂ ಕೆಟ್ಟ ಜನ ಅಲ್ಲ. ಇವಳು ಯಾರ ಜೊತೆಗೂ ಊಟಕ್ಕೆ ಕೂಡುತ್ತಿರಲಿಲ್ಲ, ಅನ್ನ ಸಾರು ಮುಟ್ಟುತ್ತಿರಲಿಲ್ಲ. ಯಾಕೆಂದು ಕೇಳಿದರೆ ವಾಸನೆ ಸೇರುವುದಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. ತಮ್ಮ ಮನೆಯ ಅನ್ನವನ್ನು ಹೀಗಳೆದಳೆಂದು ಅವರು ತಿಳಿದರು. ಬಳೆಯ ಸದ್ದು ತಾಳಲಾರೆನೆಂದು ಬಳೆ ತೆಗೆದಿಟ್ಟದ್ದಂತೂ ಅವರಿಗೆ ಅಪಶಕುನವೇ ಆಯಿತು.

ನಾನಾಗ ಸಾಲಿಗೆ ಹೋಗುವ ಹುಡುಗಿ. ಅನ್ನ ಸಾರು ಯಾಕೆ ಒಲ್ಲೆ ಎಂದು ಒಮ್ಮೆ ಕೇಳಿದ್ದೆ.

“ಎಲ್ಲಾ ಕಲಸಿದ್ರ ಬಾಯಾಗ ಗದ್ದಲ ಆಗ್ತದ,” ಅಂದಳು.

ನನಗೆ ನಗು ಬಂತು, ಅವಳು ನಗಲಿಲ್ಲ. ಕಡಕ್ ರೊಟ್ಟಿ ಮಾತ್ರ ಎಂದೂ ಅವಳಿಗೆ ಮೋಸ ಮಾಡಲಿಲ್ಲ. ದಿನಾ ಅದೇ ರುಚಿ, ಅದೇ ಸದ್ದು. ಜೊತೆಗೆ ಒಂದಿಷ್ಟು ಶೇಂಗಾ ಚಟ್ನಿಪುಡಿ, ನಮ್ಮ ಕಡೆಯ ಹಿಂಡಿ, ಅದೂ ರೊಟ್ಟಿಗೆ ತಾಗದಂತೆ.

ಗಂಡನ ಮನೆ ಬಿಟ್ಟು ಬಂದ ಮಗಳ ಬಗ್ಗೆ ಓಣಿಗೆ ಏನಾದರೂ ಹೇಳಬೇಕಲ್ಲ. ಶ್ರಾವಣದಲ್ಲಿ ಯಾರೋ ಸೋಮವಾರದ ಉಪವಾಸ ಹಿಡಿದಿದ್ದಾಳೇನು ಎಂದು ಕೇಳಿದರು. ಆಯಿ, ಅಂದರೆ ನಮ್ಮಜ್ಜಿ, ಹೂಂ ಅಂದುಬಿಟ್ಟಳು. ಶ್ರಾವಣ ಮುಗಿದರೂ ಉಪವಾಸ ಮುಗಿಯಲಿಲ್ಲ. ಮನೆಗೆ ಮರ್ಯಾದೆ ಬಂತು, ದೂರದ ಕಮಠಾಣದಿಂದಲೂ ಹೆಂಗಸರು ಶರಣಿ ಎಂದು ಅತ್ತೆಯ ಕಾಲಿಗೆ ಬೀಳಲು ಬಂದರು. ಅವಳಿಗೂ ಅನುಕೂಲವೇ ಆಯಿತು, ಪಂಕ್ತಿಯಲ್ಲಿ ಕೂಡೆಂದು ಯಾರೂ ಕೈ ಹಿಡಿದು ಎಳೆಯುತ್ತಿರಲಿಲ್ಲ. ತಾನು ಉಣ್ಣದಿದ್ದರೆ ಎಲ್ಲರಿಗೂ ಸಂತೋಷ ಎನ್ನುವುದನ್ನು ಅವಳು ಚೆನ್ನಾಗಿ ಕಲಿತಳು. ದಿನದ ಎರಡು ರೊಟ್ಟಿ ಒಂದಾಯಿತು, ಒಂದು ಅರ್ಧವಾಯಿತು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಪರರಿಚ್ಛೆಯೇ ಆಗಿಹೋಗಿತ್ತು.

ದೀಪಾವಳಿಯ ಹೊತ್ತಿಗೆ ಅವಳ ರವಿಕೆಗಳು ಜೋತುಬಿದ್ದವು, ಬಾಚಣಿಗೆಯ ತುಂಬ ಕೂದಲು. ಒಂದು ಸೋಮವಾರ ಹೆಂಗಸರು ಉಡಿ ತುಂಬಿದರು. ಎದ್ದು ನಿಲ್ಲಹೋದ ಅತ್ತೆ ಅಲ್ಲೇ ಕುಸಿದಳು. ಮೈಮೇಲೆ ದೇವರು ಬಂತೆಂದು ಒಬ್ಬಾಕೆ ಪಾದ ಹಿಡಿದಳು. ಆಯಿ ಹಿಟ್ಟಿನ ಕೈಯಲ್ಲೇ ಓಡಿಬಂದಳು.

“ನನ್ ಮಗಳು ಶರಣಿ ಅಲ್ರಿ, ಹಸದಾಳ. ಅಕಿ ಕಾಲ ಬಿಡ್ರಿ.”

ಅಷ್ಟು ಜನರ ಮುಂದೆ ತಾನೇ ಕಟ್ಟಿದ್ದ ಮರ್ಯಾದೆಯನ್ನು ತಾನೇ ಕೆಡವಿದಳು. ಓಣಿಯ ಬಾಯಿ ಮತ್ತೆ ತೆರೆಯಿತು, ಆಯಿ ಕಿವಿಗೆ ಹಾಕಿಕೊಳ್ಳಲಿಲ್ಲ. ದಿನಾ ಅಂಚು ಸೀಯಿಸಿದ ರೊಟ್ಟಿಯನ್ನು ತಾಟಿನಲ್ಲಿಟ್ಟು, ಹಿಂಡಿಯನ್ನು ಬೇರೆ ಬಟ್ಟಲಲ್ಲಿಟ್ಟು, ತಾನು ಬೆನ್ನು ತಿರುಗಿಸಿ ಕೂಡುತ್ತಿದ್ದಳು. ಉಂಡರೆ ಭೇಷ್ ಅನ್ನಬಾರದು, ಬಿಟ್ಟರೆ ಬೈಯಬಾರದು ಎಂದು ನಮಗೆಲ್ಲ ಅಪ್ಪಣೆಯಾಗಿತ್ತು. ಅರ್ಧ ರೊಟ್ಟಿ ಮತ್ತೆ ಒಂದಾಗಲು ಬಹಳ ದಿನ ಹಿಡಿಯಿತು... ಹಿಂದಿನಿಂದ ರೊಟ್ಟಿ ಮುರಿದ ಸದ್ದು ಕೇಳಿದರೆ ಆಯಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಅತ್ತೆ ಆಮೇಲೆ ಎಷ್ಟೋ ವರ್ಷ ಬದುಕಿದಳು, ಆದರೆ ಸೊರಗಿದ ಮೈ ಪೂರ್ತಿ ತುಂಬಲೇ ಇಲ್ಲ. ಒಂದು ಚಳಿಗಾಲದ ಜ್ವರವನ್ನು ಅದು ತಡೆಯಲಿಲ್ಲ. ನನ್ನ ಮಗಳನ್ನು ಅವಳು ನೋಡಲಿಲ್ಲ.

ಮಗಳಿಗೆ ಆಟಿಸಂ ಇದೆ ಎಂದು ಬೀದರಿನ ಡಾಕ್ಟರು ಹೇಳಿದಾಗ ಅವಳ ಊಟದ ಮಾತೂ ಬಂತು. ಇಂಥ ಕೆಲವರಿಗೆ ಊಟದ ವಾಸನೆ, ಮೆತ್ತಗಿನ ತುತ್ತು, ಬೆರಕೆ ತಾಳುವುದಿಲ್ಲವಂತೆ. ಕೆಲವರಿಗೆ ತಮ್ಮ ಹಸಿವೇ ಸರಿಯಾಗಿ ತಿಳಿಯುವುದಿಲ್ಲವಂತೆ. ಗಮನಿಸದೆ ಬಿಟ್ಟರೆ ಉಣ್ಣದಿರುವುದೇ ಒಂದು ಕಾಯಿಲೆಯಾಗಿ ಬೆಳೆಯಬಹುದಂತೆ. ಕೇಳುತ್ತ ಕೂತ ನನಗೆ ಕಣ್ಣೀರು ಬಂತು. ಡಾಕ್ಟರು ಅದು ಮಗಳಿಗಾಗಿ ಎಂದುಕೊಂಡು ಸಮಾಧಾನ ಮಾಡಿದರು. ಅತ್ತೆಗೆ ಯಾರೂ ಇಷ್ಟನ್ನು ಹೇಳಲಿಲ್ಲವಲ್ಲ... ಅವಳ ಹಸಿವು ಅವಳಿಗಿಂತ ಮೊದಲು ತಿಳಿದದ್ದು ಆಯಿಗೊಬ್ಬಳಿಗೇ.

ಇವತ್ತು ಅತ್ತೆಯ ಫೋಟೋದ ಮುಂದೆ ಪದ್ಧತಿಯಂತೆ ಎಡೆ ಇಟ್ಟೆ. ಹೋಳಿಗೆ, ಅನ್ನ, ಅದರ ಮೇಲೆ ಸಾರು, ಬಿಸಿ ರೊಟ್ಟಿ, ಅದರ ಮೇಲೆ ಹಿಂಡಿ. ಸೀದು ಕಡಕ್ಕಾದ ರೊಟ್ಟಿ ಎಡೆಗೆ ಬೇಡವೆಂದು ಪಕ್ಕಕ್ಕಿಟ್ಟಿದ್ದೆ. ನಿನ್ನೆಯಿಂದ ಏನೂ ಮುಟ್ಟದ ಮಗಳು ಬಂದು ನಿಂತಳು. ಈ ಊಟ ಯಾರಿಗೆ ಎಂದು ಕೇಳಿದಳು, ಫೋಟೋದಲ್ಲಿರುವ ಅಜ್ಜಿಗೆ ಅಂದೆ. ಅವಳು ಬಹಳ ಹೊತ್ತು ತಾಟು ನೋಡಿದಳು. ಆಮೇಲೆ ಕೂತು, ರೊಟ್ಟಿಯ ಮೇಲಿನ ಹಿಂಡಿಯನ್ನು ಚಮಚದಿಂದ ಕೆರೆದು ಬೇರೆ ಬಟ್ಟಲಿಗೆ ಹಾಕಿದಳು. ಸಾರು ಸುರಿದ ಅನ್ನವನ್ನು ದೂರ ಸರಿಸಿದಳು.

“ಈಗ ಉಣ್ತಾಳ,” ಅಂದಳು.

ಅತ್ತೆ ಇಲ್ಲ, ಆಯಿಯೂ ಇಲ್ಲ. ಭೇಷ್ ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಪಕ್ಕಕ್ಕಿಟ್ಟಿದ್ದ ಸೀದ ರೊಟ್ಟಿಯನ್ನು ಮಗಳ ಹತ್ತಿರ ಇಟ್ಟು, ಆಯಿಯ ಹಾಗೆ ಬೆನ್ನು ತಿರುಗಿಸಿ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ರೊಟ್ಟಿ ಮುರಿದ ಸದ್ದು ಕೇಳಿತು.